ಏಣಿಗೂ ಅತಿಥಿಗೂ ಏನು ಸಂಬಂಧ?

“ಆ ಏಣಿಯ ಮೂರನೇ ಮೆಟ್ಟಿಲು ಮುರಿದಿತ್ತು. ಅದನ್ನು ನೀಲಿ ನೈಲಾನ್ ಹಗ್ಗದಿಂದ ಬಿಗಿದು ಕಟ್ಟಿದ್ದರು.”

ವರದಾ ಆ ಎರಡು ಸಾಲುಗಳನ್ನು ಮೂರನೇ ಸಲ ಓದಿದಳು. ಇಂಗ್ಲಿಷು ಸರಳವಾಗಿತ್ತು. ಅಕ್ಷರ ದುಂಡಗಿತ್ತು. ನೋಟ್‌ಬುಕ್ಕಿನ ರಟ್ಟಿನ ಮೇಲೆ ಹೆಸರೂ ಇತ್ತು. ಆದರೂ ತಾನೇ ತಪ್ಪು ಓದುತ್ತಿರಬಹುದು ಎಂಬ ಆಸೆಯಲ್ಲಿ ನಾಲ್ಕನೇ ಸಲ ಓದಿದಳು. ಪತ್ತೇದಾರಿಕೆ ಮಾಡುವವರಿಗೆ ಇಂಥ ಆಸೆ ಇರಬಾರದು. ಆದರೆ ಇಪ್ಪತ್ತೆರಡು ವರ್ಷದ ಗೆಳೆತನ ಇಟ್ಟುಕೊಂಡವರಿಗೆ ಇದ್ದೇ ಇರುತ್ತದೆ.

ನೋಟ್‌ಬುಕ್ಕು ಅವಳ ಗೆಳತಿ ಲೀಲಾಕ್ಷಿಯದು. ಏಣಿ ವಾಕಡದ್ದು.

ಪುಣೆಯ ಅಂಚಿನ ವಾಕಡದ ಒಂದು ಕಟ್ಟಡದ ಎರಡನೇ ಮಹಡಿಯಿಂದಲೇ ಭಾಗ್ಯಾ ಬುಧವಾರ ಸಂಜೆ ಕಾಣೆಯಾಗಿದ್ದಳು. ಬಾರಾಮತಿ ದಾರಿಯ ಒಂದು ಖಾಸಗಿ ಡೇರಿಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ಇಪ್ಪತ್ತಾರರ ಹುಡುಗಿ. ಕೆಟ್ಟ ಹಾಲಿನ ಮಾದರಿ ಬಾಟಲಿಗಳನ್ನು ತೆಗೆದು ಅಲ್ಲಿ ಒಳ್ಳೆಯವನ್ನು ಇಟ್ಟವರು ಯಾರೆಂದು ಅವಳೊಬ್ಬಳೇ ನೋಡಿದ್ದಳು. ಆ ಹಾಲು ಕುಡಿದು ಒಂಬತ್ತು ಮಕ್ಕಳು ಆಸ್ಪತ್ರೆ ಸೇರಿದ್ದರು. ಅದರಲ್ಲಿ ಒಂದು ಮಗು ಇನ್ನೂ ಮನೆಗೆ ಬಂದಿರಲಿಲ್ಲ. ನಾಳೆ ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ಕೋರ್ಟಿನಲ್ಲಿ ಭಾಗ್ಯಾಳ ಸಾಕ್ಷಿ. ಅವಳು ಬರದಿದ್ದರೆ ಕೇಸು ಅಲ್ಲಿಗೇ ಬಿದ್ದುಹೋಗುತ್ತಿತ್ತು.

ಎರಡು ತಿಂಗಳಿಂದ ಅವಳನ್ನು ಅಡಗಿಸಿಟ್ಟವಳು ವರದಾ. “ವಿಳಾಸ ನನಗೂ ಹೇಳಬೇಡಿ,” ಎಂದು ವಕೀಲೆ ದೀಪಾಲಿಯೇ ಕೈಮುಗಿದಿದ್ದಳು. ಹಾಗಾಗಿ ಪುಣೆಯಂಥ ಊರಿನಲ್ಲಿ ಆ ಮನೆ ಗೊತ್ತಿದ್ದದ್ದು ಒಬ್ಬಳಿಗೇ. ನಾಲ್ಕು ದಿನದಿಂದ ಪೊಲೀಸರು ಹುಡುಕುತ್ತಿದ್ದರು, ವರದಾ ಹುಡುಕುತ್ತಿದ್ದಳು. ತಾನೇ ಎಲ್ಲೋ ಮೈಮರೆತು ಬಾಯಿ ಬಿಟ್ಟಿದ್ದೇನೆ ಎಂಬ ಸಂಶಯ ಅವಳಿಗೆ ಅನ್ನ ಸೇರಗೊಡುತ್ತಿರಲಿಲ್ಲ.

ಆ ಸಂಶಯಕ್ಕಾಗಿಯೇ ಅವಳು ಈಗ ಈ ನೋಟ್‌ಬುಕ್ಕುಗಳ ಕಟ್ಟು ಬಿಚ್ಚಿದ್ದು.

ಕಟ್ಟು ಸಿದ್ದಲಿಂಗಪ್ಪ ಸರ್ ಅವರ ಭಾನುವಾರದ ಕ್ಲಾಸಿನದು. ಮಾರ್ಕೆಟ್ ಯಾರ್ಡಿಗೆ ಅಂಟಿಕೊಂಡಂತಿದ್ದ ಲೀಲಾಕ್ಷಿಯ ಹೋಟೆಲಿನಲ್ಲಿ ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಮಹಡಿಯ ಕೋಣೆ ಖಾಲಿ ಬೀಳುತ್ತಿತ್ತು. ನಾಲ್ಕು ಗಂಟೆಗೆ ಅಲ್ಲಿ ಕನ್ನಡದ ಏಳೆಂಟು ಜನ ಇಂಗ್ಲಿಷು ಕಲಿಯಲು ಕೂಡುತ್ತಿದ್ದರು. ನೋಟ್‌ಬುಕ್ಕುಗಳ ಕಟ್ಟು ವಾರವಿಡೀ ಅಲ್ಲೇ ಇರುತ್ತಿತ್ತು, ವರದಾ ಈಗ ಕುಳಿತದ್ದೂ ಅಲ್ಲೇ. ಸರ್ ಅಂದರೆ ಯಾವ ಕಾಲೇಜಿನ ಮೇಷ್ಟ್ರೂ ಅಲ್ಲ. ಉಳ್ಳಾಗಡ್ಡಿ ವ್ಯಾಪಾರಿಯ ಅಂಗಡಿಯಲ್ಲಿ ಮೂವತ್ತು ವರ್ಷ ಲಾರಿ ಚೀಟಿ ಬರೆದ ಗುಮಾಸ್ತರು. ಇಂಗ್ಲಿಷನ್ನು ತಾವೇ ಕಲಿತು ತಾವೇ ಕಲಿಸುತ್ತಿದ್ದರು.

ಕಲಿಸುವ ರೀತಿಯೂ ಅವರದೇ. ಒಂದು ಹಳೆಯ ಬಿಸ್ಕಿಟ್ ಡಬ್ಬಿ, ಅದರ ತುಂಬ ಮಡಚಿದ ಚೀಟಿ, ಚೀಟಿಗೊಂದು ಇಂಗ್ಲಿಷ್ ಶಬ್ದ. ಪಾಳಿ ಬಂದವರು ಕಣ್ಣು ಮುಚ್ಚಿ ಎರಡು ಚೀಟಿ ಎತ್ತಬೇಕು. ಒಂದಕ್ಕೊಂದು ಸಂಬಂಧವೇ ಇಲ್ಲದ ಆ ಎರಡು ಶಬ್ದಗಳನ್ನು ಅಕ್ಕಪಕ್ಕ ಇಟ್ಟು, ಅವುಗಳ ಅರ್ಥ ಏನು, ಬಳಕೆ ಎಲ್ಲಿ, ಎಲ್ಲಿ ಹೋಲುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂದು ಒಂದು ಹಾಳೆ ಬರೆಯಬೇಕು. “ಒಂಟಿ ಶಬ್ದ ತನ್ನ ಅರ್ಥ ಮುಚ್ಚಿಟ್ಕೊಂಡಿರ್ತದ,” ಎನ್ನುತ್ತಿದ್ದರು ಸರ್. “ಸಂಬಂಧ ಇಲ್ಲದ್ದರ ಮಗ್ಗಲಕ್ಕ ಕೂಡ್ರಸ್ರಿ, ತಾನಾಗೇ ಬಾಯಿ ಬಿಡ್ತದ.”

ನಿಯಮ ಒಂದೇ. ಬರೆದ ವಾಕ್ಯ ಬರೆದವರು ಕಣ್ಣಾರೆ ಕಂಡದ್ದಾಗಿರಬೇಕು. ಪುಸ್ತಕದಿಂದ ಎತ್ತಿದ್ದು, ತಲೆಯಿಂದ ಹುಟ್ಟಿಸಿದ್ದು, ಇನ್ನೂ ನಡೆಯದ್ದು ಯಾವುದೂ ಬೇಡ. ಸುಳ್ಳು ವಾಕ್ಯ ಸಿಕ್ಕಿದರೆ ಸರ್ ಬಯ್ಯುತ್ತಿರಲಿಲ್ಲ, ಆ ಹಾಳೆಯನ್ನು ಹೊಲಿಗೆಯ ತನಕ ಹರಿದು ಕೈಗೆ ಕೊಡುತ್ತಿದ್ದರು. ಐವತ್ತು ದಾಟಿದವರೂ ಆ ಹಾಳೆ ಹಿಡಿದು ನಿಂತಾಗ ಶಾಲೆಯ ಮಕ್ಕಳಂತೆ ಕುಗ್ಗಿಹೋಗುತ್ತಿದ್ದರು. ಅದಕ್ಕೇ ಈ ಕ್ಲಾಸಿನಲ್ಲಿ ಯಾರಿಗೂ ಸುಳ್ಳು ಬರೆಯುವ ಕೈ ಉಳಿದಿರಲಿಲ್ಲ.

ಹೋದ ಭಾನುವಾರ ಡಬ್ಬಿಯಿಂದ ಬಂದ ಶಬ್ದಗಳು ಎರಡು: ಲ್ಯಾಡರ್, ಗೆಸ್ಟ್.

ಏಣಿಗೂ ಅತಿಥಿಗೂ ಏನು ಸಂಬಂಧ ಎಂದು ಎಲ್ಲರೂ ನಕ್ಕಿದ್ದರು. ಸರ್ ನಗದೆ ಮೂರು ಪ್ರಶ್ನೆ ಕೊಟ್ಟಿದ್ದರು. “ಯಾರು ತರ್ತಾರ? ಎಲ್ಲಿ ಇಡ್ತಾರ? ಕೆಲಸ ಮುಗಿದ ಮ್ಯಾಲೆ ಏನು ಮಾಡ್ತಾರ? ಎರಡಕ್ಕೂ ಇದ ಮೂರು. ಬರೀರಿ.”

ತಾನು ಬರೆದದ್ದರಲ್ಲಿ ವಾಕಡದ ವಾಸನೆ ಬಂದಿದೆಯೇ ಎಂದು ವರದಾ ಮೊದಲು ತನ್ನ ಹಾಳೆಯನ್ನೇ ನೋಡಿದಳು. ಇರಲಿಲ್ಲ. ಅವಳು ಬರೆದದ್ದು ಊರಿನ ಬಾವಿಗೆ ಇಳಿಸುತ್ತಿದ್ದ ಬಿದಿರಿನ ಏಣಿಯ ಬಗ್ಗೆ. ಒಂದು ಗಳಿಗೆ ಹಗುರಾದಳು. ಆಮೇಲೆ ಉಳಿದವರದು ತಿರುವಿದಳು. ಲಾರಿ ಬುಕಿಂಗಿನ ಅವ್ವಣ್ಣ, ‘ಏಣಿಯನ್ನು ನಾನು ತರುತ್ತೇನೆ, ಅತಿಥಿಯನ್ನು ಹೆಂಡತಿ ತರುತ್ತಾಳೆ, ಎರಡೂ ನಡುಮನೆಯಲ್ಲಿ ಕಾಲಿಗೆ ತೊಡರುತ್ತವೆ’ ಎಂದು ಬರೆದಿದ್ದ. ಉಮಾವತಿ ಟೀಚರು, ‘ಏಣಿಗೆ ಗೋಡೆ ಬೇಕು, ಅತಿಥಿಗೆ ಬಾಗಿಲು ಸಾಕು’ ಎಂದು ಎರಡೇ ಸಾಲಿನಲ್ಲಿ ಮುಗಿಸಿದ್ದಳು. ಸರ್ ಕೂಡ ಎಲ್ಲರ ಜೊತೆ ಬರೆಯುತ್ತಿದ್ದರು, ಆದರೆ ಅವರ ನೋಟ್‌ಬುಕ್ಕಿನಲ್ಲಿ ಹೋದ ವಾರದ ಹಾಳೆ ಇರಲಿಲ್ಲ. ವಯಸ್ಸಾಯಿತು, ಬೇಸರವಾಗಿರಬೇಕು ಎಂದುಕೊಂಡು ಅದನ್ನು ಪಕ್ಕಕ್ಕೆ ಇಟ್ಟಳು.

ಕೊನೆಗೆ ಲೀಲಾಕ್ಷಿಯದು. ಮೂರನೇ ಮೆಟ್ಟಿಲು. ನೀಲಿ ಹಗ್ಗ.

ಇವತ್ತು ಬೆಳಗ್ಗೆಯೇ ವರದಾ ವಾಕಡಕ್ಕೆ ಹೋಗಿ ಕಟ್ಟಡದ ವಾಚ್‌ಮನ್‌ನನ್ನು ಮಾತಾಡಿಸಿದ್ದಳು. ಕಟ್ಟಡಕ್ಕೆ ಬಣ್ಣ ಬಳಿಯಲು ಏಣಿ ತಂದವರ ಮೇಲೆ ಅವಳಿಗೆ ಅನುಮಾನವಿತ್ತು. ಅವರು ಬಂದದ್ದು ಹಿಂದಿನ ವಾರ, ಅದೂ ಎರಡೇ ದಿನ. “ಶಿಡೀ ಶುಕ್ರವಾರೀ ಆಣಲೀ, ಶನಿವಾರೀ ನೇಲೀ, ತಾಈ,” ಎಂದಿದ್ದ ಅವನು. ಏಣಿ ಶುಕ್ರವಾರ ಬಂತು, ಶನಿವಾರ ಹೋಯಿತು. ಆ ಏಣಿಯನ್ನು ವರದಾಳೂ ಶನಿವಾರ ನೋಡಿದ್ದಳು. ಭಾಗ್ಯಾಳ ಕಿಟಕಿಯ ಕೆಳಗೇ ನಿಲ್ಲಿಸಿದ್ದರು. ನೀಲಿ ಹಗ್ಗ ಎಷ್ಟು ಢಾಳಾಗಿ ಕಾಣುತ್ತಿತ್ತೆಂದರೆ, ಇದನ್ನು ಹತ್ತುವವನಿಗೆ ಧೈರ್ಯ ಬೇಕು ಎಂದು ಭಾಗ್ಯಾ ಮೇಲಿನಿಂದ ನಕ್ಕಿದ್ದಳು.

ಆ ಎರಡು ದಿನದಲ್ಲಿ ಯಾವಾಗಲೋ ಲೀಲಾಕ್ಷಿಯೂ ಅಲ್ಲಿದ್ದಳು. ಇಲ್ಲದಿದ್ದರೆ ಭಾನುವಾರ ಈ ವಾಕ್ಯ ಬರೆಯಲು ಅವಳಿಗೆ ಸಾಧ್ಯವಿರಲಿಲ್ಲ.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು.

ಲೀಲಾಕ್ಷಿ ಎರಡು ಲೋಟ ಚಹಾ ಹಿಡಿದು ಬಂದಳು. ಐವತ್ತೆರಡರ ಗಟ್ಟಿ ಹೆಂಗಸು, ಹಣೆಯ ಮೇಲೆ ಬೆವರು, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಕುಂದಾಪುರದ ಕಡೆಯಿಂದ ಬಂದು ಮೂವತ್ತು ವರ್ಷವಾದರೂ ಪುಣೆಯ ಚಹಾಕ್ಕೆ ಸಕ್ಕರೆ ಜಾಸ್ತಿ ಎಂದು ಇವತ್ತಿಗೂ ಗೊಣಗುತ್ತಿದ್ದಳು.

“ಊಟ ಮಾಡಲಿಲ್ಲವಂತೆ ನೀನು. ಚಹಾ ಆದ್ರೂ ಕುಡಿ ಮಾರಾಯ್ತಿ.”

“ಕೂಡ್ರು ಲೀಲಕ್ಕಾ,” ಎಂದಳು ವರದಾ. “ನಿಂದು ಹೋದ ವಾರದ ಹಾಳಿ ಓದಿ ತೋರಸು.”

“ಈಗ ಎಂತಕ್ಕೆ? ನಾಲ್ಕು ಗಂಟೆಗೆ ಹೇಗೂ ಸರ್ ಮುಂದೆ ಓದ್ಲಿಕ್ಕುಂಟಲ್ಲ.”

“ನನಗ ಈಗ ಕೇಳಬೇಕಾಗೇದ.”

ಲೀಲಾಕ್ಷಿ ಅವಳ ಮುಖ ನೋಡಿದಳು, ನೋಟ್‌ಬುಕ್ಕು ನೋಡಿದಳು, ಚಹಾದ ಲೋಟಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಕುಳಿತಳು. ಕನ್ನಡಕ ಏರಿಸಿಕೊಂಡು, ಇಂಗ್ಲಿಷಿನಲ್ಲಿ ತಾನು ಬರೆದದ್ದನ್ನು ತಡೆತಡೆದು ಓದತೊಡಗಿದಳು. ಗೆಸ್ಟ್ ಎಂಬ ಶಬ್ದ ಹೋಟೆಲಿನಲ್ಲಿ ದಿನಕ್ಕೆ ನೂರು ಸಲ ಬರುತ್ತದೆ, ಮನೆಯಲ್ಲಿ ವರ್ಷಕ್ಕೆ ನಾಲ್ಕು ಸಲ. ಹೋಟೆಲಿನ ಗೆಸ್ಟ್ ಬೇಗ ಏಳಲಿ ಎಂದು ಕಾಯುತ್ತೇವೆ. ಮನೆಯ ಗೆಸ್ಟ್ ಏಳಲು ಹೊರಟರೆ ಇನ್ನಷ್ಟು ಹೊತ್ತು ಕೂರಿ ಎನ್ನುತ್ತೇವೆ. ಓದುತ್ತ ಓದುತ್ತ ಅವಳ ದನಿಗೆ ಸ್ವಲ್ಪ ಬಿಗು ಬಂತು. ಚೆನ್ನಾಗಿ ಬರೆದಿದ್ದೇನೆ ಎಂಬುದು ಅವಳಿಗೆ ಗೊತ್ತಿತ್ತು.

“ಇನ್ನ ಲ್ಯಾಡರ್ ಓದು.”

“ಏಣಿಯನ್ನು ಯಾರೂ ಕೂರಿ ಎನ್ನುವುದಿಲ್ಲ. ಗೋಡೆಗೆ ಒರಗಿಸಿ ಮರೆತುಬಿಡುತ್ತಾರೆ. ನಾನು ನೋಡಿದ ಒಂದು ಏಣಿ...” ಅಲ್ಲಿಗೆ ಲೀಲಾಕ್ಷಿ ನಿಂತಳು.

“ಮುಂದ?”

“ಮುಂದೆ ಎಂತದೂ ಇಲ್ಲ. ಅಷ್ಟೇ.”

“ಮುಂದ ಮೂರನೇ ಮೆಟ್ಟಲಾ ಅದ. ನೀಲಿ ಹಗ್ಗ ಅದ. ಎಲ್ಲಿ ನೋಡಿದಿ ಆ ಏಣಿ?”

“ಇಲ್ಲೇ, ಯಾರ್ಡಿನ ಗೋಡೌನಲ್ಲಿ.”

“ಸರ್ ಮುಂದ ಹಿಂಗಂತೀಯೇನು? ಹಾಳಿ ಹರದು ಕೈಯಾಗ ಕೊಡ್ತಾರ.” ವರದಾಳ ದನಿ ಏರಲಿಲ್ಲ. “ಆ ಏಣಿ ಶುಕ್ರವಾರ ಮುಂಜಾನೆ ವಾಕಡಕ್ಕ ಬಂತು, ಶನಿವಾರ ಸಂಜೀಕ ಹೋತು. ನಾನೂ ನೋಡೇನಿ. ಆ ಎರಡು ದಿನದಾಗ ನೀ ಅಲ್ಲಿ ಯಾಕ ಹೋಗಿದ್ದಿ, ಲೀಲಕ್ಕಾ?”

ಕೆಳಗೆ ಯಾರೋ ಪಾತ್ರೆಗಳನ್ನು ರಾಶಿ ಹಾಕುತ್ತಿದ್ದರು. ಲೀಲಾಕ್ಷಿ ಕನ್ನಡಕ ತೆಗೆದು ಒರೆಸಿದಳು.

“ಶನಿವಾರ,” ಎಂದಳು. “ನಿನ್ನ ಹಿಂದೆಯೇ ಬಂದೆ. ರಿಕ್ಷಾದಲ್ಲಿ.”

“ನನ್ನ ಹಿಂದ?”

“ಎರಡು ತಿಂಗಳಿಂದ ಪ್ರತಿ ಶನಿವಾರ ಗೋಳಿಬಜೆ ಕಟ್ಟಿಸಿಕೊಂಡು ಹೋಗ್ತಿದ್ದಿ. ಜನ್ಮದಲ್ಲಿ ಮೈದಾ ಮುಟ್ಟಿದವಳಲ್ಲ ನೀನು. ರೊಟ್ಟಿ, ಪುಂಡಿಪಲ್ಯ ಬಿಟ್ಟರೆ ನಿನಗೆ ಬೇರೆ ಊಟ ಉಂಟಾ? ಯಾರಿಗೋ ಕೊಂಡುಹೋಗ್ತಿ ಅಂತ ಅಡುಗೆಯವನಿಗೂ ಗೊತ್ತಾಗಿತ್ತು. ಆ ಡೇರಿಯ ಹುಡುಗಿಗೇ ಇರಬೇಕು ಅಂತ ನನಗೆ ಹೊಳೀತು.”

ವರದಾ ಕಣ್ಣು ಮುಚ್ಚಿದಳು. ಭಾಗ್ಯಾ ಬಾಯಿಬಿಟ್ಟು ಕೇಳಿದ್ದು ಆ ಕರಿದ ತಿಂಡಿಯೊಂದನ್ನೇ. ಬಾಗಿಲು ತೆರೆದೊಡನೆ ಪೊಟ್ಟಣದ ಬಿಸಿಗೆ ಕೆನ್ನೆ ಒತ್ತಿ ನಗುತ್ತಿದ್ದಳು ಹುಡುಗಿ. ಊರೆಲ್ಲ ಸುತ್ತಿ, ಎರಡು ಬಸ್ಸು ಬದಲಿಸಿ, ಹಿಂದೆ ಯಾರಿಲ್ಲ ಎಂದು ನೋಡಿಕೊಂಡು ಹೋಗುತ್ತಿದ್ದ ಜಾಣೆ ವರದಾ, ಪೊಟ್ಟಣ ಕಟ್ಟಿಸಿಕೊಳ್ಳುವಾಗ ಮಾತ್ರ ಯಾರನ್ನೂ ಅನುಮಾನಿಸಿರಲಿಲ್ಲ. ಇಲ್ಲಿ ಅನುಮಾನಿಸುವುದು ಏನಿದೆ, ಇದು ಲೀಲಕ್ಕನ ಹೋಟೆಲು ಎಂದುಕೊಂಡಿದ್ದಳು.

“ನಿನ್ನ ತಮ್ಮನ ಸಲುವಾಗಿ,” ಎಂದಳು.

“ಹೌದು. ಪೃಥ್ವಿಗಾಗಿ.”

ಪೃಥ್ವಿರಾಜ ಆ ಡೇರಿಯ ಲ್ಯಾಬಿನ ಮೇಲ್ವಿಚಾರಕ. ಬಾಟಲಿ ಬದಲಿಸಿದ ಕೈ ಅವನದು ಎಂದು ಭಾಗ್ಯಾ ವಕೀಲೆಯ ಮುಂದೆ ಹೇಳಿದ್ದಳು. ತಾಯಿ ಇಲ್ಲದ ಅವನನ್ನು ಆರು ವರ್ಷದವನಿದ್ದಾಗಿನಿಂದ ಸಾಕಿ ಬೆಳೆಸಿದವಳು ಲೀಲಾಕ್ಷಿ. ಇದೇ ಕೋಣೆಯಲ್ಲಿ ಅವನಿಗೆ ಇಂಗ್ಲಿಷು ಕಲಿಸಿದವರು, ಡೇರಿಗೆ ಹಾಕಿದ ಅರ್ಜಿಯನ್ನು ತಿದ್ದಿ ತೀಡಿ ಬರೆದುಕೊಟ್ಟವರು ಸಿದ್ದಲಿಂಗಪ್ಪ ಸರ್.

“ಅವಳು ಯಾರ ಹೆಸರು ಹೇಳ್ತಾಳೆ ಅಂತ ನಿನಗೆ ಮೊದಲೇ ಗೊತ್ತಿತ್ತು,” ಎಂದಳು ಲೀಲಾಕ್ಷಿ. “ನನಗೆ ಹೇಳಲಿಲ್ಲ. ದಿನಾ ಇಲ್ಲಿಗೆ ಬಂದಿ, ನನ್ನ ಎದುರು ಕೂತು ಉಂಡಿ. ನನ್ನ ತಮ್ಮನನ್ನು ಜೈಲಿಗೆ ಹಾಕುವ ಹುಡುಗಿಗೆ ನನ್ನ ಕೈಯಿಂದಲೇ ತಿಂಡಿ ಕಟ್ಟಿಸಿಕೊಂಡು ಹೋದಿ. ಮೋಸ ನಾನೊಬ್ಬಳೇ ಮಾಡಿದ್ದಾ?”

ಮಾತು ನಿಜವಾಗಿತ್ತು. ನಿಜವಾಗಿದ್ದರಿಂದಲೇ ವರದಾಳ ಸಿಟ್ಟು ನೆತ್ತಿಗೇರಿತು. ಇಪ್ಪತ್ತೆರಡು ವರ್ಷದ ಹಿಂದೆ ಗಂಡನನ್ನು ಕಳೆದುಕೊಂಡು ವಿಜಯಪುರದಿಂದ ಬಂದಿಳಿದಾಗ, ಮರಾಠಿಯೂ ಬಾರದ ಇಂಗ್ಲಿಷೂ ಬಾರದ ತನ್ನನ್ನು ಈ ಹೋಟೆಲಿನ ಮೂಲೆಯ ಮೇಜಿಗೆ ಕೂರಿಸಿ ಅನ್ನ ಹಾಕಿದವಳು ಇವಳೇ. ಪಕ್ಕದ ಕೋಣೆಯನ್ನು ಆಫೀಸಿಗೆ ಕೊಟ್ಟವಳೂ ಇವಳೇ. ಆ ಋಣ ಒಂದು ಕಡೆ, ಆಸ್ಪತ್ರೆಯ ಮಗು ಒಂದು ಕಡೆ.

“ನಾ ಮುಚ್ಚಿಟ್ಟೆ, ಖರೆ. ನೀ ಕೇಳಿದ್ರ ಸುಳ್ಳು ಹೇಳ್ತಿದ್ದಿಲ್ಲ,” ಎಂದಳು. “ಆದ್ರ ನೀ ನನ್ನ ಬೆನ್ನ ಹತ್ತಿದಿ, ಲೀಲಕ್ಕಾ. ಕಳ್ಳರು ಹತ್ತಿದಂಗ ಹತ್ತಿದಿ. ಅಕಿ ಜೀವಕ್ಕ ಏನಾದ್ರೂ ಆದ್ರ ನಾ ಯಾರ ಮುಂದ ನಿಂತು ಅಳಲಿ?”

“ಅವಳಿಗೆ ಕೇಡು ಮಾಡಬೇಕಂತ ಹೋದದ್ದಲ್ಲ ನಾನು. ಕಾಲಿಗೆ ಬೀಳುವ ಅಂತ ಹೋದದ್ದು. ಮೇಲೆ ಕಿಟಕಿಯಲ್ಲಿ ನೀನು ಅವಳ ತಲೆ ಬಾಚ್ತಾ ನಿಂತಿದ್ದಿ. ನನಗೆ ಹತ್ತಲಿಕ್ಕೆ ಕಾಲು ಬರಲಿಲ್ಲ. ಆ ಏಣಿಯ ಹತ್ತಿರ ಅರ್ಧ ಗಂಟೆ ನಿಂತು ತಿರುಗಿ ಬಂದೆ.”

“ಬಂದು, ಅದನ್ನ ಹಾಳಿ ಮ್ಯಾಲೆ ಬರದಿ.”

“ಡಬ್ಬಿಯಿಂದ ಆ ಶಬ್ದವೇ ಬರಬೇಕಾ ಹೇಳು. ಬೇರೆ ಏಣಿ ನೆನಪು ಮಾಡ್ಲಿಕ್ಕೆ ನೋಡಿದೆ. ಕಣ್ಣು ಮುಚ್ಚಿದ್ರೆ ಅದೇ ಕಾಣ್ತಿತ್ತು. ಸುಳ್ಳು ಬರೆದ್ರೆ ಸರ್ ಹರೀತಾರೆ ಅಂತ ಹೆದರಿಕೆ ಬೇರೆ.” ಲೀಲಾಕ್ಷಿ ಮುಖ ಒರೆಸಿಕೊಂಡಳು. “ಈ ಪ್ರಾಯದಲ್ಲಿ ನಗುವ ಹಾಗಾಯ್ತು ನಂದು.”

ಯಾರಿಗೂ ನಗು ಬರಲಿಲ್ಲ.

“ಪೃಥ್ವಿಗೆ ಹೇಳಿದ್ದು ಯಾವಾಗ?” ವರದಾ ಈಗ ಗೆಳತಿಯಾಗಿ ಕೇಳುತ್ತಿರಲಿಲ್ಲ.

“ಹೇಳಲಿಲ್ಲ.”

“ಲೀಲಕ್ಕಾ.”

“ದೇವರಾಣೆ ಹೇಳಲಿಲ್ಲ. ಅವನ ಸಿಟ್ಟು ನನಗೆ ಗೊತ್ತುಂಟು. ಅವನಿಗೆ ಹೇಳಿದ್ರೆ ಎಂತ ಮಾಡಿಬಿಡ್ತಾನೋ ಅಂತ ಹೆದರಿ ಒಬ್ಬರಿಗೇ ಹೇಳಿದ್ದು. ಎಂತ ಮಾಡುವುದು ಅಂತ ಕೇಳ್ಲಿಕ್ಕೆ. ಅವರು, ‘ನನಗ ಬಿಡವ್ವ, ಯಾರ ಮುಂದೂ ಬಾಯಿ ಬಿಡಬ್ಯಾಡ’ ಅಂದ್ರು. ನಾನು ಬಿಟ್ಟೆ.”

ಆ ಮಾತಿನ ಧಾಟಿ ಕುಂದಾಪುರದ್ದಲ್ಲ. ಅದು ಯಾರದೆಂದು ವರದಾಳಿಗೆ ಕೇಳಿದೊಡನೆ ಗೊತ್ತಾಯಿತು. ಆದರೂ ಕೇಳಿದಳು.

“ಯಾರು?”

“ಸಿದ್ದಲಿಂಗಪ್ಪ ಸರ್. ಭಾನುವಾರ ಬೆಳಗ್ಗೆ ಹೇಳಿದೆ. ಕ್ಲಾಸಿಗೆ ಮೊದಲು.”

ವರದಾ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು.

“ನಿನ್ನ ಪಾಪ ನೀ ಹೊರು. ಸರ್ ತಲಿಗೆ ಕಟ್ಟಬ್ಯಾಡ.”

“ನಾನು ಸುಳ್ಳು ಹೇಳೂದಿಲ್ಲ ವರದಾ.”

“ಈಗಷ್ಟ ಗೋಡೌನ್ ಅಂದಿ. ಅದೇನದು?”

ಸಿದ್ದಲಿಂಗಪ್ಪ ಸರ್ ಮೇಲೆ ಬೆರಳು ತೋರಿಸುವುದೆಂದರೆ ವರದಾಳಿಗೆ ತನ್ನ ಕಾಲ ಕೆಳಗಿನ ನೆಲವನ್ನೇ ಅಗೆದಂತೆ. ಇಂಗ್ಲಿಷು ಬಿಡಿ, ನೋಡುವುದನ್ನು ಕಲಿಸಿದವರೇ ಅವರು. ಸಂಬಂಧವಿಲ್ಲದ ಎರಡನ್ನು ಅಕ್ಕಪಕ್ಕ ಇಡು, ಸುಮ್ಮನೆ ನೋಡುತ್ತ ಕೂಡು, ಒಂದು ಇನ್ನೊಂದರ ಗುಟ್ಟು ಹೇಳುತ್ತದೆ. ಅವಳು ಬಿಡಿಸಿದ ಪ್ರತಿಯೊಂದು ಕೇಸೂ ಆ ಬಿಸ್ಕಿಟ್ ಡಬ್ಬಿಯಿಂದಲೇ ಹುಟ್ಟಿತ್ತು. ಪತ್ತೇದಾರಿಕೆಯ ಬೋರ್ಡು ಗೋಡೆಗೆ ಹಾಕಿದ ದಿನ ಅವಳು ಮೊದಲು ಮುಟ್ಟಿದ್ದು ದೇವರ ಫೋಟೋವನ್ನಲ್ಲ, ಸರ್ ಕಾಲನ್ನು.

ಲೀಲಾಕ್ಷಿಯ ಸುಳ್ಳನ್ನು ಅವಳ ಮುಖಕ್ಕೇ ಹಿಡಿಯಬೇಕೆಂದು ವರದಾ ಪಕ್ಕಕ್ಕಿಟ್ಟಿದ್ದ ಸರ್ ನೋಟ್‌ಬುಕ್ಕನ್ನು ಎಳೆದುಕೊಂಡಳು. ಅವತ್ತು ಸರ್‌ಗೆ ಮೈಗೆ ಹುಷಾರಿರಲಿಲ್ಲ, ಬರೆಯಲೇ ಇಲ್ಲ, ನಿನ್ನ ಪುರಾಣ ಕೇಳುವ ಸ್ಥಿತಿಯಲ್ಲೂ ಇರಲಿಲ್ಲ ಎನ್ನಬೇಕೆಂದಿದ್ದಳು. ಪುಟ ತಿರುವಿದಳು. ಅದರ ಹಿಂದಿನ ಭಾನುವಾರದ ಹಾಳೆ ಇತ್ತು. ಮುಂದೆ ಖಾಲಿ.

ನಡುವೆ, ಹೊಲಿಗೆಯ ದಾರದ ಹತ್ತಿರ, ಬೆರಳಿನ ಉಗುರಿನಷ್ಟು ಅಗಲದ ಕಾಗದದ ಅಂಚು ಉಳಿದಿತ್ತು.

ಬರೆಯದೆ ಬಿಟ್ಟದ್ದಲ್ಲ. ಬರೆದು ಹರಿದದ್ದು. ಹೊಲಿಗೆಯ ತನಕ, ಒಂದೇ ಎಳೆತಕ್ಕೆ. ಈ ಕ್ಲಾಸಿನಲ್ಲಿ ಹಾಗೆ ಹರಿಯುತ್ತಿದ್ದ ಕೈ ಒಂದೇ.

ಸರ್ ತಮ್ಮ ಹಾಳೆಯನ್ನು ತಾವೇ ಏಕೆ ಹರಿದುಕೊಳ್ಳಬೇಕು? ಸುಳ್ಳು ವಾಕ್ಯವನ್ನು ಅವರು ಯಾರಿಗೂ ಬಿಟ್ಟವರಲ್ಲ. ತಮಗೂ ಬಿಟ್ಟುಕೊಂಡಿರಲಿಲ್ಲ.

“ಎಂತ ಆಯ್ತು?” ಎಂದಳು ಲೀಲಾಕ್ಷಿ.

ವರದಾ ನೋಟ್‌ಬುಕ್ಕನ್ನು ಕಿಟಕಿಯ ಬಿಸಿಲಿಗೆ ಒಯ್ದಳು. ಸರ್ ಮೂವತ್ತು ವರ್ಷ ಲಾರಿ ಚೀಟಿ ಬರೆದದ್ದು ಎರಡು ಕಾರ್ಬನ್ ಇಟ್ಟು, ಮೂರು ಪ್ರತಿ ತೆಗೆಯಲು. ಕೆಳಗಿನ ಪ್ರತಿಯಲ್ಲೂ ಅಕ್ಷರ ಮೂಡಬೇಕೆಂದು ಒತ್ತಿ ಒತ್ತಿ ಬರೆದ ಕೈ ಅದು. ಅಂಗಡಿ ಬಿಟ್ಟು ಹನ್ನೆರಡು ವರ್ಷವಾದರೂ ಆ ಒತ್ತು ಹೋಗಿರಲಿಲ್ಲ. ಸರ್ ಪುಸ್ತಕ ಓದಲು ಕಣ್ಣು ಬೇಡ, ಬೆರಳು ಸಾಕು ಎಂದು ಅವ್ವಣ್ಣ ಅವರ ಎದುರಿಗೇ ಚೇಷ್ಟೆ ಮಾಡುತ್ತಿದ್ದ.

ಖಾಲಿ ಹಾಳೆ ಖಾಲಿಯಾಗಿರಲಿಲ್ಲ. ಬಿಸಿಲಿಗೆ ಓರೆ ಹಿಡಿದಾಗ ಸಾಲುಗಳು ಎದ್ದವು. ಏಣಿಯ ಬಗ್ಗೆ ಎರಡು ಸಾಲು ಇದ್ದವು, ಯಾರ್ಡಿನ ಗೋಡೌನಿನ ಸಾದಾ ಮಾತು. ಅದರ ಕೆಳಗೆ ಗೆಸ್ಟ್ ಎಂಬ ಶಬ್ದ, ಅಡಿಗೆರೆ ಸಮೇತ. ವರದಾ ತೋರುಬೆರಳನ್ನು ಆ ತಗ್ಗುಗಳ ಮೇಲೆ ಒಂದೊಂದೇ ಅಕ್ಷರವಾಗಿ ನಡೆಸಿದಳು.

ಇಂಗ್ಲಿಷಿನಲ್ಲಿದ್ದ ಆ ವಾಕ್ಯದ ಅರ್ಥ ಇಷ್ಟೇ: ‘ಬುಧವಾರ ನನ್ನ ಮನೆಗೆ ಒಬ್ಬ ಅತಿಥಿ ಬರುತ್ತಾಳೆ. ಇದು ಅವಳಿಗೇ ಇನ್ನೂ ಗೊತ್ತಿಲ್ಲ.’

ಬರೆದದ್ದು ಭಾನುವಾರ. ಇನ್ನೂ ನಡೆದಿರಲಿಲ್ಲ, ಕಣ್ಣಾರೆ ಕಂಡದ್ದಲ್ಲ. ಅದಕ್ಕೇ ಹರಿದಿದ್ದರು. ತಮ್ಮ ನಿಯಮವನ್ನು ತಾವು ಪಾಲಿಸಿದ್ದರು, ಅಷ್ಟೇ.

ಅಳು ಬರಬೇಕಿತ್ತು. ಬರಲಿಲ್ಲ. ನಾಲ್ಕು ದಿನ ಅವಳು ದಿನಕ್ಕೆರಡು ಸಲ ಸರ್‌ಗೆ ಫೋನ್ ಮಾಡಿದ್ದಳು. ಹುಡುಗಿ ಸಿಗಲಿಲ್ಲ ಎಂದು ಅತ್ತಿದ್ದಳು. “ಧೈರ್ಯ ಬಿಡಬ್ಯಾಡ ತಂಗೀ, ಎಲ್ಲೆರೆ ಛಲೋನ ಇರ್ತಾಳ,” ಎಂದು ಸಮಾಧಾನ ಹೇಳಿದ್ದ ಆ ದನಿಯ ಹಿಂದೆ, ಅದೇ ಮನೆಯ ಒಳಕೋಣೆಯಲ್ಲಿ, ಭಾಗ್ಯಾ ಇದ್ದಿರಬೇಕು. ಹೆತ್ತ ಅಪ್ಪ ಮೋಸ ಮಾಡಿದ್ದರೂ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ.

ಮೆಟ್ಟಿಲ ಮೇಲೆ ಮತ್ತೆ ಸದ್ದು. ಈ ಸಲ ನಿಧಾನದ, ಊರುಗೋಲಿನ ಸದ್ದು.

“ಬಂದೀರೇನವ್ವಾ ಇಬ್ಬರೂ?” ಎನ್ನುತ್ತ ಸಿದ್ದಲಿಂಗಪ್ಪ ಸರ್ ಒಳಗೆ ಬಂದರು. ಬಿಳಿ ಧೋತರ, ಕಂಕುಳಲ್ಲಿ ಬಿಸ್ಕಿಟ್ ಡಬ್ಬಿ. ನಾಲ್ಕಕ್ಕೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಬಿದ್ದ ಕುರ್ಚಿ, ಲೀಲಾಕ್ಷಿಯ ಕೆಂಪಾದ ಕಣ್ಣು, ಮುಟ್ಟದ ಚಹಾ ಎಲ್ಲವನ್ನೂ ಅವರು ಒಂದು ಸುತ್ತು ನೋಡಿದರು. ಆದರೆ ಏನೂ ಕೇಳಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ವರದಾಳ ಮುಂದೆ ಹಿಡಿದರು.

“ಎತ್ತವ್ವಾ. ಇವತ್ತ ನಿನ್ನ ಪಾಳಿ.”

ವರದಾ ಚೀಟಿ ಎತ್ತಲಿಲ್ಲ. ಅವಳ ಬೆರಳು ಇನ್ನೂ ಆ ಹಾಳೆಯ ಮೇಲೇ ಇತ್ತು.

“ಸರ್, ಬುಧವಾರ ಬಂದ ಅತಿಥಿ ಹೆಂಗದಾಳ್ರಿ?”

ಸರ್ ಅವಳ ಬೆರಳನ್ನು ನೋಡಿದರು. ಆಮೇಲೆ ಡಬ್ಬಿಯ ಮುಚ್ಚಳ ಹಾಕಿ, ಬಾಗಿಲ ತನಕ ಹೋಗಿ, ಅಗುಳಿ ಹಾಕಿ ಬಂದು ಕುಳಿತರು. ಮುಖದಲ್ಲಿ ಭಯವಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಒಬ್ಬ ವಿದ್ಯಾರ್ಥಿಯ ಹಾಳೆ ತಿದ್ದಿ ಮುಗಿಸಿದ ದಣಿವಷ್ಟೇ ಇತ್ತು.

“ಬೆರಳಿಲೆ ಓದಿದಿ,” ಎಂದರು. “ಕಲಿಸಿದ್ದು ಹುಸಿ ಹೋಗಲಿಲ್ಲ.”

“ಯಾಕ್ರಿ ಸರ್?”

“ಪೃಥ್ವಿನೂ ನಾ ಕಲಿಸಿದ ಹುಡುಗನ ಅಲ್ಲೇನವ್ವಾ. ನಾಳೆ ಹನ್ನೊಂದು ದಾಟಿದ್ರ ಸಾಕಾಗಿತ್ತು,” ಎಂದರು. ಲೀಲಾಕ್ಷಿಯ ಕಡೆ ತಿರುಗಿದರು. “ಫೋನ್ ಹಚ್ಚವ್ವ. ವರದಾನೂ ಊಟಕ್ಕ ಬರ್ತಾಳ, ಒಂದು ತಾಟ ಹೆಚ್ಚಿಗೆ ಇಡ್ರಿ ಅಂತ ಹೇಳು.”

ವರದಾ ಗೆಳತಿಯನ್ನು ನೋಡಿದಳು. ನಾನು ಬಿಟ್ಟೆ, ಆಮೇಲೆ ಏನಾಯಿತೋ ನನಗೆ ಗೊತ್ತಿಲ್ಲ ಎಂಬಂತೆ ಈಗಷ್ಟೇ ಅತ್ತವಳು, ಯಾವ ನಂಬರು ಎಂದು ಸರ್ ಅವರನ್ನು ಕೇಳಲಿಲ್ಲ. ಸೊಂಟದ ಸೆರಗಿನಿಂದ ಫೋನ್ ತೆಗೆದು, ತಲೆ ತಗ್ಗಿಸಿಕೊಂಡೇ ಒತ್ತಿದಳು. ಅಡುಗೆಮನೆಯ ಜಿಡ್ಡುಗೈಯವರ ರೂಢಿಯಂತೆ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು.

ಎರಡನೇ ರಿಂಗಿಗೇ ಆ ಕಡೆ ಎತ್ತಿದರು. ಪೃಥ್ವಿರಾಜನ ದನಿಗೆ ವರದಾ ಮೈ ಬಿಗಿಹಿಡಿದು ನಿಂತಿದ್ದಳು.

ಬಂದದ್ದು ಹುಡುಗಿಯ ದನಿ. ಬಾಯಿ ತುಂಬ ಏನನ್ನೋ ಅಗಿಯುತ್ತ, ಯಾವ ಆತಂಕವೂ ಇಲ್ಲದೆ ಭಾಗ್ಯಾ ಕೇಳಿದಳು.

“ಹೇಳ್ರಿ ಲೀಲಕ್ಕಾ. ವರದಕ್ಕ ಇನ್ನೂ ನನ್ನ ಹುಡುಕಾಕತ್ತಾರೇನು?”